ಸ್ಪಾಯ್ಲರ್ ಕಿತ್ಕೊಂಡು ಬಂದ್ರೆ ಬರೀ ಟೇಪಿಗೆ ಬೈಬೇಡಿ

ಕಾರ್ ಆಕ್ಸೆಸರೀಸ್ ಹಾಕೋ ಕೆಲಸದಲ್ಲಿ ಇರೋವ್ರೆಲ್ಲ ಕೇಳಿರೋ ಮಾತು ಇದು: "ಸಾರ್, ಆರು ತಿಂಗಳೂ ಆಗಿಲ್ಲ, ಸ್ಪಾಯ್ಲರ್ ಒಂದ್ ಸೈಡ್ ಎದ್ಬಿಟ್ಟಿದೆ, ಸ್ವಲ್ಪ ಗಮ್ ಹಾಕ್ಕೊಡಿ." ಸ್ಪಾಯ್ಲರ್ ಅಂದ್ರೆ ಡಿಕ್ಕಿ ಅಂಚಿಗೋ ರೂಫ್ ಹಿಂಭಾಗಕ್ಕೋ ಹಾಕೋ ರೆಕ್ಕೆ ಥರದ ಪೀಸ್, ಹೆಚ್ಚಾಗಿ ಡಬಲ್ ಟೇಪಲ್ಲಿ, ಅಂದ್ರೆ ಎರಡೂ ಕಡೆ ಅಂಟಿರೋ ಟೇಪಲ್ಲಿ ಕೂರಿಸ್ತಾರೆ. ಗಮ್ ಹಾಕೋಕೆ ಮುಂಚೆ ನಾನು ಟಾರ್ಚ್ ಹಿಡಿದು ಆ ಎದ್ದಿರೋ ಜಾಗದಲ್ಲಿ ಹಳೇ ಟೇಪ್ ಯಾವ ಕಡೆ ಉಳ್ಕೊಂಡಿದೆ ಅಂತ ನೋಡ್ತೀನಿ. ತಪ್ಪು ಎಲ್ಲಾಗಿದೆ ಅನ್ನೋದು ಅಲ್ಲೇ ಕಾಣುತ್ತೆ. ಟೇಪ್ ಪೂರ್ತಿ ಸ್ಪಾಯ್ಲರ್‌ಗೆ ಅಂಟ್ಕೊಂಡಿದ್ದು ಡಿಕ್ಕಿ ಮೇಲೆ ಏನೂ ಇಲ್ಲ, ಪೇಂಟ್ ಪಳಪಳ ಅಂತಿದೆ ಅಂದ್ರೆ ಹಾಕೋವಾಗ ಗಾಡಿ ಸರ್ಫೇಸ್ ಕ್ಲೀನ್ ಮಾಡಿಲ್ಲ, ವ್ಯಾಕ್ಸ್ ಅಥವಾ ಪಾಲಿಶ್ ಮೇಲೇ ಅಂಟಿಸಿದಾರೆ. ಟೇಪ್ ಡಿಕ್ಕಿ ಮೇಲೇ ಉಳಿದು ಸ್ಪಾಯ್ಲರ್ ಮಾತ್ರ ಕ್ಲೀನಾಗಿ ಬಿಟ್ಕೊಂಡಿದ್ರೆ ಸ್ಪಾಯ್ಲರ್ ಕೆಳಭಾಗಕ್ಕೆ ಪ್ರೈಮರ್, ಅಂದ್ರೆ ಅಂಟು ಹಿಡಿಯೋಕೆ ಮೊದಲು ಹಚ್ಚೋ ದ್ರವ, ಹಾಕಿಲ್ಲ. ಟೇಪ್ ಜೊತೆ ಪೇಂಟ್ ಪದರಾನೇ ಎದ್ದು ಬಂದಿದ್ರೆ ಟೇಪ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಪೇಂಟ್ ಹಿಡ್ಕೊಂಡಿಲ್ಲ. ಟೇಪಿನ ಫೋಮ್ ಮಧ್ಯದಲ್ಲೇ ಹರಿದು ಎರಡೂ ಕಡೆ ಅರ್ಧರ್ಧ ಉಳಿದಿದ್ರೆ ಮಾತ್ರ ಅಂಟು ಎರಡೂ ಕಡೆ ಚೆನ್ನಾಗಿತ್ತು, ಲೋಡ್ ಜಾಸ್ತಿ ಆಯ್ತು ಅಥವಾ ಟೇಪೇ ಕಳಪೆ ಮಾಲು ಅಂತ ಅರ್ಥ. ನನ್ನ ಕೈಗೆ ಬರೋದ್ರಲ್ಲಿ ಹೆಚ್ಚಿನವು ಮೊದಲ ಎರಡು ಥರದವು. ಅದಕ್ಕೇ ಹಳೇ ಟೇಪ್ ನೋಡದೆ ಮೇಲಿಂದ ಫೆವಿಕ್ವಿಕ್ ಹಾಕಿ ಒತ್ತಿ ಕಳಿಸೋ ರಿಪೇರಿ ನಂಗೆ ಸರಿಬರಲ್ಲ, ಅದು ಒಣಗಿದ್ಮೇಲೆ ಗಾಜಿನ ಥರ ಗಟ್ಟಿಯಾಗುತ್ತೆ, ಅದುರಿಕೆ ತಡೆಯಲ್ಲ, ಡಿಕ್ಕಿ ನಾಲ್ಕು ಸಲ ಜೋರಾಗಿ ಹಾಕಿದ್ರೆ ಚೂರಾಗುತ್ತೆ, ಮುಂದಿನ ಸಲ ಕೀಳೋವಾಗ ಪೇಂಟ್‌ನೂ ಎಳ್ಕೊಂಡ್ ಬರುತ್ತೆ.

ಗಾಳಿ ವಿಷಯಕ್ಕೆ ಬರ್ತೀನಿ. ಸಿಟಿ ಒಳಗೆ ವರ್ಷಗಟ್ಟಲೆ ಏನೂ ಆಗದೆ ಇದ್ದ ಸ್ಪಾಯ್ಲರ್ ಒಂದೇ ಹೈವೇ ಟ್ರಿಪ್ಪಲ್ಲಿ ಯಾಕೆ ಹೋಗುತ್ತೆ ಅಂತ ತುಂಬಾ ಜನ ಕೇಳ್ತಾರೆ. ಗಾಳಿಯ ಒತ್ತಡ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 50ರಲ್ಲಿ ಹೋಗ್ತಿದ್ದೋರು 100ಕ್ಕೆ ಹೋದ್ರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 100ರ ಸ್ಪೀಡಲ್ಲಿ ಗಾಳಿಗೆ ನೇರ ಎದುರಾಗಿರೋ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 47 ಕೆಜಿ ತೂಕದಷ್ಟು ಒತ್ತಡ ಬೀಳುತ್ತೆ, 120ಕ್ಕೆ ಅದು 68 ಕೆಜಿ ಹತ್ರ ಹೋಗುತ್ತೆ. ಸ್ಪಾಯ್ಲರ್ ಅಷ್ಟು ದೊಡ್ಡದಿರಲ್ಲ, ವಾಲಿಕೊಂಡೂ ಇರುತ್ತೆ, ಹಾಗಾಗಿ ಅದರ ಪಾಲಿಗೆ ಕೆಲವೇ ಕೆಜಿ ಬರೋದು, ಸರಿಯಾಗಿ ಅಂಟಿಸಿದ್ರೆ ಒಳ್ಳೆ ಟೇಪ್‌ಗೆ ಅದೊಂದು ಲೆಕ್ಕವೇ ಅಲ್ಲ. ಆದ್ರೆ ಆ ಬಲ ಟೇಪಿನ ಪೂರ್ತಿ ಅಗಲಕ್ಕೆ ಹಂಚಿ ಬರ್ತಿದ್ದಾಗ ಮಾತ್ರ ಈ ಮಾತು ನಿಜ. ಒಂದು ತುದಿ ಎದ್ದ ತಕ್ಷಣ ಗಾಳಿ ಒಳಗೆ ನುಗ್ಗಿ ಅಷ್ಟೂ ಬಲ ಟೇಪಿನ ಅಂಚಿನ ಒಂದು ಸಣ್ಣ ಗೆರೆ ಮೇಲೆ ಬೀಳುತ್ತೆ, ಗೋಡೆ ಮೇಲಿನ ಪೋಸ್ಟರ್ ಒಂದು ಮೂಲೆ ಎದ್ರೆ ಸಂಜೆಯೊಳಗೆ ಪೂರ್ತಿ ಕಿತ್ತು ಬರೋ ಹಾಗೆ. ಡಬಲ್ ಟೇಪ್‌ನ ಪಕ್ಕಕ್ಕೆ ಜಾರಿಸೋದು ಕಷ್ಟ, ಅಂಚಿಂದ ಸುಲಿಯೋದು ಸುಲಭ. ತುದಿ ಒಂದು ಮಿಲಿಮೀಟರ್ ಎದ್ದಿದ್ರೂ ಅದನ್ನ ಸಣ್ಣ ವಿಷಯ ಅಂದ್ಕೋಬೇಡಿ.

ಹಾಗಾದ್ರೆ ತುದಿ ಮೊದಲು ಯಾಕೆ ಏಳುತ್ತೆ? ಸಾಮಾನ್ಯವಾಗಿ ಫಿಟ್ಟಿಂಗ್ ಸರಿ ಇರಲ್ಲ. ಮಾರ್ಕೆಟ್‌ನಲ್ಲಿ ಸಿಗೋ ಲೋಕಲ್ ಮಾಲು ನಿಮ್ಮ ಗಾಡಿ ಮಾಡೆಲ್ ಹೆಸರಲ್ಲೇ ಬಂದ್ರೂ ಡಿಕ್ಕಿಯ ಕರ್ವ್‌ಗೆ ಪಕ್ಕಾ ಕೂರಲ್ಲ, ಮಧ್ಯ ಕೂತ್ರೆ ತುದಿಗಳು ಎದ್ದಿರುತ್ತೆ, ಹುಡುಗ್ರು ಆ ಗ್ಯಾಪ್‌ಗೆ ಟೇಪ್ ಮೇಲೆ ಟೇಪ್ ಹಾಕಿ ಬಲವಾಗಿ ಒತ್ತಿಬಿಡ್ತಾರೆ. ಆವತ್ತು ಕೂರುತ್ತೆ, ನೋಡೋಕೂ ಚೆನ್ನಾಗಿರುತ್ತೆ. ಆದ್ರೆ ಪ್ಲಾಸ್ಟಿಕ್ ತನ್ನ ಶೇಪ್‌ಗೆ ವಾಪಸ್ ಹೋಗೋಕೆ ಹಗಲು ರಾತ್ರಿ ಎಳೀತಾನೇ ಇರುತ್ತೆ, ಗಾಡಿ ನಿಂತಿದ್ರೂ ಟೇಪ್ ದುಡೀತಾನೇ ಇರುತ್ತೆ. ಅದಕ್ಕೇ ನಾನು ಟೇಪ್ ಮುಟ್ಟೋ ಮುಂಚೆ ಸ್ಪಾಯ್ಲರ್‌ನ ಹಾಗೇ ಒಣದಾಗಿ ಇಟ್ಟು ನೋಡ್ತೀನಿ, ಕೈಯಿಂದ ಒತ್ತದೆ ಎರಡೂ ತುದಿ ಕೂರಬೇಕು, ಕೂರಲಿಲ್ಲ ಅಂದ್ರೆ ಹೀಟ್ ಕೊಟ್ಟು ಶೇಪ್ ಸರಿಮಾಡ್ಬೇಕು, ಅದೂ ಆಗಲಿಲ್ಲ ಅಂದ್ರೆ ಪೀಸ್ ವಾಪಸ್ ಕೊಡ್ಬೇಕು. ಕಸ್ಟಮರ್ ಬೇಜಾರು ಮಾಡ್ಕೊಳ್ತಾರೆ, ಮಾಡ್ಕೊಳ್ಲಿ.

ಬಿಸಿಲೂ ಇದೆ. ಸ್ಪಾಯ್ಲರ್ ಮಾಡೋ ಎಬಿಎಸ್ ಪ್ಲಾಸ್ಟಿಕ್ ಸ್ಟೀಲ್‌ಗಿಂತ ಆರೇಳು ಪಟ್ಟು ಜಾಸ್ತಿ ಹಿಗ್ಗುತ್ತೆ. 1.2 ಮೀಟರ್ ಉದ್ದದ ಸ್ಪಾಯ್ಲರ್, ಬೆಳಗಿನ ತಂಪಿಗೂ ಮಧ್ಯಾಹ್ನ ಕಪ್ಪು ಗಾಡಿಯ ಮೈ ಕಾಯೋದಕ್ಕೂ 40 ಡಿಗ್ರಿ ವ್ಯತ್ಯಾಸ ಅಂತ ಇಟ್ಕೊಳ್ಳಿ, ಪ್ಲಾಸ್ಟಿಕ್ ಹೆಚ್ಚುಕಮ್ಮಿ 4 ಮಿ.ಮೀ. ಉದ್ದ ಆಗುತ್ತೆ, ಕೆಳಗಿನ ತಗಡು ಅರ್ಧ ಮಿ.ಮೀ. ಅಷ್ಟೇ. ಈ ವ್ಯತ್ಯಾಸ ಎರಡೂ ತುದಿಗೆ ಒಂದೂವರೆ ಮಿ.ಮೀ. ಮೇಲೆ ಹಂಚಿಹೋಗುತ್ತೆ, ದಿನಾ ಆ ಕಡೆ ಈ ಕಡೆ ಎಳೆಯುತ್ತೆ. ಒಂದು ಮಿ.ಮೀ. ದಪ್ಪದ ಒಳ್ಳೆ ಅಕ್ರಿಲಿಕ್ ಫೋಮ್ ಟೇಪ್ ಇದನ್ನ ತಡ್ಕೊಳ್ಳುತ್ತೆ, ತನ್ನ ದಪ್ಪದ ಮೂರು ಪಟ್ಟಿನ ತನಕ ಪಕ್ಕಕ್ಕೆ ಎಳೆದ್ರೂ ಬಗ್ಗುತ್ತೆ. ಹಾರ್ಡ್‌ವೇರ್ ಅಂಗಡಿಯ ಬಿಳಿ ಫೋಮ್ ಟೇಪ್ ತಡ್ಕೊಳ್ಳಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೇಲಿ ಗಾಡಿ ಓಡಿಸೋವ್ರು ಇದನ್ನ ಇನ್ನೂ ಗಂಭೀರವಾಗಿ ತಗೋಬೇಕು.

ಈಗ ಅಂಟಿಸೋ ಕೆಲಸ. ಮೊದಲು ಶಾಂಪೂ ವಾಶ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ ಹೊಸ ಬಟ್ಟೇಲಿ ಒಂದೇ ದಿಕ್ಕಿಗೆ ಒರೆಸ್ಬೇಕು, ಒರೆಸಿದ ಬಟ್ಟೇಲೇ ವಾಪಸ್ ಒರೆಸಬಾರ್ದು. ಥಿನ್ನರ್ ಬೇಡ, ರೀಪೇಂಟ್ ಆಗಿರೋ ಗಾಡಿ ಆದ್ರೆ ಥಿನ್ನರ್ ಪೇಂಟ್‌ನೇ ಮೆತ್ತಗೆ ಮಾಡ್ಬಿಡುತ್ತೆ. ಸಿರಾಮಿಕ್ ಕೋಟಿಂಗ್ ಮಾಡಿಸಿರೋ ಗಾಡಿ ಅಂದ್ರೆ ಮೊದಲೇ ಹೇಳಿ ದಯವಿಟ್ಟು. ಏನೂ ಅಂಟಬಾರ್ದು ಅಂತಾನೇ ಆ ಕೋಟಿಂಗ್ ಮಾಡಿರೋದು, ಆಲ್ಕೋಹಾಲಲ್ಲಿ ಒರೆಸಿದ್ರೆ ಅದು ಹೋಗಲ್ಲ, ಟೇಪ್ ಕೂರೋ ಪಟ್ಟಿಯಷ್ಟು ಜಾಗನ ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜೋ ಪೇಸ್ಟ್) ಹಾಕಿ ಉಜ್ಜಿ ತೆಗೀಲೇಬೇಕು. ಸ್ಪಾಯ್ಲರ್ ಕಡೆಗೂ ಅಷ್ಟೇ ಗಮನ ಬೇಕು, ಫೈಬರ್ ಪೀಸ್ ಅಚ್ಚಿಂದ ಬಿಟ್ಟು ಬರ್ಲಿ ಅಂತ ವ್ಯಾಕ್ಸ್ ಹಚ್ಚಿರ್ತಾರೆ, ಅದು ಕೆಳಭಾಗದಲ್ಲಿ ಹಾಗೇ ಉಳ್ಕೊಂಡಿರುತ್ತೆ, ಸ್ಯಾಂಡ್‌ಪೇಪರ್ ಹೊಡೆದು ಕ್ಲೀನ್ ಮಾಡಿ ಪ್ರೈಮರ್ ಹಾಕಿದ್ರೇನೆ ಟೇಪ್ ಹಿಡಿಯೋದು. ಬಾಡಿ ಕಲರ್ ಹೊಡೆಸಿದ್ರೆ ಪೇಂಟ್ ಪೂರ್ತಿ ಗಟ್ಟಿ ಆಗೋ ತನಕ ಕಾಯಿರಿ, ಬೆಳಿಗ್ಗೆ ಪೇಂಟ್ ಹೊಡೆದು ಸಂಜೆ ಅಂಟಿಸಿದ್ರೆ ಪೇಂಟ್ ಒಳಗಿನ ಸಾಲ್ವೆಂಟ್ ಹೊರಗೆ ಬರ್ತಾ ಅಂಟಿನ ಕೆಳಗೇ ಸೇರ್ಕೊಳ್ಳುತ್ತೆ.

ಟೇಪ್ ಎಷ್ಟು ಬೇಕು ಅನ್ನೋದಕ್ಕೂ ಲೆಕ್ಕ ಇದೆ. ಬರೀ ತೂಕ ಹೊರೋಕೇ ಒಂದು ಕೆಜಿಗೆ 55 ಚದರ ಸೆಂ.ಮೀ. ಟೇಪ್ ಬೇಕು ಅಂತ ಲೆಕ್ಕ ಹಾಕ್ತಾರೆ, 12 ಮಿ.ಮೀ. ಅಗಲದ ಟೇಪ್ ಆದ್ರೆ ಸುಮಾರು 46 ಸೆಂ.ಮೀ. ಉದ್ದ. ಇದಕ್ಕೆ ಗಾಳಿ, ಅದುರಿಕೆ ಎಲ್ಲ ಸೇರಿಸ್ಕೊಂಡ್ರೆ ನಾಲ್ಕು ತುಂಡು ಅಲ್ಲಲ್ಲಿ ಹಾಕಿದ್ರೆ ಸಾಕು ಅನ್ನೋ ಮಾತೇ ಬರಲ್ಲ, ಅಂಚಿನ ಉದ್ದಕ್ಕೂ ಗ್ಯಾಪ್ ಇಲ್ಲದ ಹಾಗೆ ಬರ್ಬೇಕು, ಎರಡು ತುದೀಲಿ ಡಬಲ್ ಸಾಲು. ಗಾಡಿ ಮೈ ಬೆಚ್ಚಗಿರ್ಬೇಕು, 21ರಿಂದ 38 ಡಿಗ್ರಿ ಒಳಗೆ. ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ತಗಡು ಮುಟ್ಟಿದ್ರೆ ತಣ್ಣಗಿರುತ್ತೆ, ಮಳೆಗಾಲದಲ್ಲಿ ಕಣ್ಣಿಗೆ ಕಾಣದ ತೇವ ಇರುತ್ತೆ, ಎರಡಕ್ಕೂ ಹೀಟ್ ಗನ್ ಇಂದ ಹದವಾಗಿ ಬಿಸಿ ಮಾಡ್ಕೊಂಡೇ ಮುಂದಕ್ಕೆ ಹೋಗ್ಬೇಕು. ಅಂಟಿಸಿದ್ಮೇಲೆ ಗಟ್ಟಿಯಾಗಿ ಒತ್ತೋದು ಮುಖ್ಯ, ಈ ಅಂಟು ಒತ್ತಡದಿಂದಾನೇ ಹಿಡಿಯೋದು.

ಇಷ್ಟೆಲ್ಲ ಸರಿಯಾಗಿ ಮಾಡಿದ್ರೂ ಕೊನೆಗೆ ಕೈ ಕೊಡೋದು ಟೈಮು. ಈ ವಿಎಚ್‌ಬಿ (ಮೊದಲು ಹೇಳಿದ ಒಳ್ಳೆ ಅಕ್ರಿಲಿಕ್ ಫೋಮ್ ಟೇಪ್) ಥರದ ಟೇಪ್ ರೂಮ್ ಟೆಂಪರೇಚರಲ್ಲಿ 20 ನಿಮಿಷಕ್ಕೆ ತನ್ನ ಬಲದ ಅರ್ಧದಷ್ಟು ಹಿಡಿಯುತ್ತೆ, 24 ಗಂಟೆಗೆ 90 ಪರ್ಸೆಂಟ್, ಪೂರ್ತಿ ಹಿಡಿಯೋಕೆ 72 ಗಂಟೆ ಬೇಕು. ನಮ್ಮಲ್ಲಿ ಏನ್ ಮಾಡ್ತಾರೆ ಅಂದ್ರೆ ಶನಿವಾರ ಮಧ್ಯಾಹ್ನ ಬೆಂಗಳೂರಿನ ಜೆ.ಸಿ. ರೋಡಲ್ಲಿ ಫುಟ್‌ಪಾತ್ ಪಕ್ಕ ಗಾಡಿ ನಿಲ್ಲಿಸಿ ಹಾಕಿಸ್ಕೊಳ್ತಾರೆ, ಅಂಗಡಿಯವ್ರು ಖುಷಿಗೆ ಒಂದು ಪಾಲಿಶೂ ಹೊಡೆದು ಕೊಡ್ತಾರೆ, ಭಾನುವಾರ ಬೆಳಿಗ್ಗೆ ಮೈಸೂರು ಹೈವೇ ಹತ್ತಿಬಿಡ್ತಾರೆ, ವಾಪಸ್ ಬಂದ್ಮೇಲೆ ಪ್ರೆಶರ್ ವಾಶ್. ಮೂರು ದಿನ ಪ್ರೆಶರ್ ವಾಟರ್ ಬೇಡ, ಹೈವೇ ಬೇಡ, ಸಿಟಿ ಒಳಗೆ ನಿಧಾನಕ್ಕೆ ಓಡಾಡಿ, ಡಿಕ್ಕಿ ಮೆಲ್ಲಗೆ ಹಾಕಿ. ನಾನು ಕಸ್ಟಮರ್‌ಗೆ ಕೇಳೋದು ಇಷ್ಟೇ, ಇದನ್ನ ಒಪ್ಪದೇ ಇರೋವ್ರಿಗೆ ಟ್ರಿಪ್ ಮುಗಿಸ್ಕೊಂಡು ಬನ್ನಿ, ಆಮೇಲೆ ಹಾಕೋಣ ಅಂತೀನಿ.

ಇದೆಲ್ಲ ರೋಡ್‌ಸೈಡ್ ಕೆಲಸದ ಸಮಸ್ಯೆ, ದೊಡ್ಡ ಕಂಪನಿಗಳಲ್ಲಿ ಹೀಗಾಗಲ್ಲ ಅಂದ್ಕೋಬೇಡಿ. ಟೆಸ್ಲಾ ಕಂಪನಿ 2020ರ ನವೆಂಬರಲ್ಲಿ 2016ರ ಮಾಡೆಲ್ ಎಕ್ಸ್ ಕಾರುಗಳನ್ನ, ಒಂಬತ್ತು ಸಾವಿರಕ್ಕೂ ಹೆಚ್ಚು, ವಾಪಸ್ ಕರೀಬೇಕಾಯ್ತು, ರೂಫ್ ಮೇಲಿನ ಅಲಂಕಾರದ ಪಟ್ಟಿಗಳನ್ನ ಪ್ರೈಮರ್ ಇಲ್ಲದೆ ಅಂಟಿಸಿದ್ದು ಕಾರಣ. 2025ರ ಮಾರ್ಚಲ್ಲಿ ಅದೇ ಕಂಪನಿಯ ಸೈಬರ್‌ಟ್ರಕ್, 46,000ಕ್ಕೂ ಹೆಚ್ಚು ಗಾಡಿ, ವಾಪಸ್ ಕರೆದ್ರು, ವಿಂಡ್‌ಶೀಲ್ಡ್ ಪಕ್ಕದಿಂದ ಮೇಲಕ್ಕೆ ಹೋಗೋ ಸ್ಟೀಲ್ ಪಟ್ಟಿ ಅಂಟು ಬಿಡ್ತಿತ್ತು, ಅದಕ್ಕೆ ಅವ್ರು ಕೊಟ್ಟ ಪರಿಹಾರ ಬೇರೆ ಅಂಟು ಹಾಕೋದ್ರಲ್ಲೇ ನಿಲ್ಲಲಿಲ್ಲ, ಪಟ್ಟಿಗೆ ಸ್ಟಡ್ ವೆಲ್ಡ್ ಮಾಡಿ ನಟ್ ಹಾಕಿ ಬಾಡಿಗೆ ಬಿಗಿದ್ರು. ನಾನು ದೊಡ್ಡ ಸ್ಪಾಯ್ಲರ್‌ಗಳ ವಿಷಯದಲ್ಲಿ ಹೇಳೋದೂ ಇದೇ. ಡಿಕ್ಕಿ ಅಂಚಿನ ತೆಳು ಲಿಪ್ ಸ್ಪಾಯ್ಲರ್ ಟೇಪಲ್ಲಿ ನಿಲ್ಲುತ್ತೆ. ಕಾಲು ಕೊಟ್ಟು ಎತ್ತರಕ್ಕೆ ನಿಲ್ಲೋ ವಿಂಗ್, ಭಾರದ ಫೈಬರ್ ರೂಫ್ ಸ್ಪಾಯ್ಲರ್ ಇವಕ್ಕೆ ಬೋಲ್ಟ್ ಬೇಕೇ ಬೇಕು. 1969ರ ಮೇ ತಿಂಗಳಲ್ಲಿ ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸಲ್ಲಿ ಗ್ರಹಾಂ ಹಿಲ್, ಯೋಕನ್ ರಿಂಟ್ ಇಬ್ಬರ ಲೋಟಸ್ ಕಾರಲ್ಲೂ ಕಂಬದ ಮೇಲೆ ಕೂರಿಸಿದ್ದ ವಿಂಗ್ ಮುರಿದು ಇಬ್ಬರೂ ಕ್ರ್ಯಾಶ್ ಆದ್ರು, ಆ ಎತ್ತರದ ವಿಂಗ್‌ಗಳನ್ನ ಅದಾದ್ಮೇಲೆ ಬ್ಯಾನೇ ಮಾಡಿದ್ರು. ಅಂಥ ಇಂಜಿನಿಯರ್‌ಗಳಿದ್ದ ಕಡೆಯೇ ಹಾಗಾಗಿರೋವಾಗ ಸೆಲ್ಫ್ ಸ್ಕ್ರೂ ಹೊಡೆದು ವಿಂಗ್ ನಿಲ್ಲಿಸ್ತೀನಿ ಅನ್ನೋರ ಹತ್ರ ಗಾಡಿ ಬಿಡಬೇಡಿ.

ಬೋಲ್ಟ್ ಹಾಕೋವಾಗ ಡ್ರಿಲ್ ಮಾಡಿದ ತೂತಿನ ಅಂಚು ಬರೀ ತಗಡು, ಅಲ್ಲಿಂದಾನೇ ತುಕ್ಕು ಶುರುವಾಗೋದು. ಅಂಚನ್ನ ನುಣ್ಣಗೆ ಮಾಡಿ ಪೇಂಟಿನ ಪ್ರೈಮರ್, ಟಚಪ್ ಪೇಂಟ್ ಎರಡೂ ಹಚ್ಚಿ ಒಣಗಿಸಿ ಆಮೇಲೆ ಬೋಲ್ಟ್ ಹಾಕ್ಬೇಕು, ಹೊರಗಡೆ ರಬ್ಬರ್ ವಾಷರ್ ಮತ್ತೆ ಸೀಲಂಟ್, ಒಳಗಡೆ ದೊಡ್ಡ ಅಗಲದ ವಾಷರ್ ಮತ್ತೆ ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರೋದು). ಅಗಲದ ವಾಷರ್ ಇಲ್ಲ ಅಂದ್ರೆ ತೆಳು ತಗಡು ಬೋಲ್ಟ್ ಸುತ್ತ ಬಗ್ಗುತ್ತೆ, ಮಾಮೂಲಿ ನಟ್ ಆದ್ರೆ ಅದುರಿಕೆಗೆ ಸಡಿಲ ಆಗುತ್ತೆ. ತುದಿ ಕಡೆ ತೂತು ಸ್ವಲ್ಪ ಉದ್ದಕ್ಕಿರ್ಲಿ, ಬಿಸಿಲಿಗೆ ಹಿಗ್ಗೋಕೆ ಜಾಗ ಬೇಕು, ಇಲ್ಲಾಂದ್ರೆ ಪ್ಲಾಸ್ಟಿಕ್ ಬೋಲ್ಟ್ ಹತ್ರಾನೇ ಬಿರುಕು ಬಿಡುತ್ತೆ. ಹಿಂದಿನ ಗಾಜಿನ ಮೇಲಿರೋ ಬ್ರೇಕ್ ಲೈಟ್ ಮುಚ್ಚೋ ಸ್ಪಾಯ್ಲರ್ ಯಾವ ಕಾರಣಕ್ಕೂ ಬೇಡ, ಹಿಂದೆ ಬರೋವ್ರು ನೋಡೋದು ಅದನ್ನೇ. ಭಾರದ ಪೀಸ್ ಹಾಕಿದ್ರೆ ಡಿಕ್ಕಿ ಎತ್ತಿ ಹಿಡಿಯೋ ಗ್ಯಾಸ್ ರಾಡ್ ಆ ತೂಕ ತಡೀತಾ ಅಂತಾನೂ ನೋಡ್ಕೊಳ್ಳಿ, ತಲೆ ಮೇಲೆ ಬೀಳುತ್ತೆ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಗಾಡಿ ಅಂದ ಅಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೇಲಿ 2023ರ ಆಗಸ್ಟಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ, ಆದ್ರೆ ತುಮಕೂರು ರೋಡಲ್ಲಿ, ರಾಜ್ಯದ ಬೇರೆ ಹೆಚ್ಚಿನ ಹೈವೇಗಳಲ್ಲಿ ನಿಮ್ಮ ಕಾರ್ ಹಿಂದೆ ಸ್ಕೂಟರಲ್ಲಿ ಗಂಡ ಹೆಂಡ್ತಿ ಮಧ್ಯ ಮಗು ಕೂರಿಸ್ಕೊಂಡು ಬರ್ತಿರ್ತಾರೆ. 80ರಲ್ಲಿ ಕಿತ್ಕೊಂಡ ಒಂದೂವರೆ ಕೆಜಿ ಪ್ಲಾಸ್ಟಿಕ್ ನಿಮಗೆ ಕನ್ನಡಿಯಲ್ಲೂ ಕಾಣಲ್ಲ, ಅವ್ರ ಮುಖಕ್ಕೆ ಬರುತ್ತೆ.

ಸಡಿಲ ಆಗ್ತಿದೆ ಅನ್ನೋದಕ್ಕೆ ಗುರುತುಗಳಿವೆ: 60–70 ದಾಟಿದ್ಮೇಲೆ ಹಿಂದಿನಿಂದ ಶಿಳ್ಳೆ ಥರ ಸದ್ದು, ಡಿಕ್ಕಿ ಹಾಕಿದಾಗ ಕಟಕಟ, ಅಂಚಲ್ಲಿ ಕಪ್ಪು ಧೂಳಿನ ಗೆರೆ, ವಾಶ್ ಆಗಿ ಗಂಟೆಗಟ್ಟಲೆ ಆದ್ರೂ ಅಲ್ಲಿಂದ ನೀರು ಜಿನುಗೋದು. ತಿಂಗಳಿಗೊಮ್ಮೆ ಎರಡೂ ತುದೀನ ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿ ನೋಡಿ. ಸ್ಪಾಯ್ಲರ್ ಹಿಡ್ಕೊಂಡು ಡಿಕ್ಕಿ ಎಳೆಯೋದು, ಬ್ಯಾಟರಿ ಡೌನ್ ಆದಾಗ ಅದಕ್ಕೇ ಕೈ ಕೊಟ್ಟು ಗಾಡಿ ತಳ್ಳೋದು, ಕಾರ್ ಕವರ್ ಎಲಾಸ್ಟಿಕ್‌ನ ಅದರ ತುದಿಗೇ ಸಿಕ್ಕಿಸಿ ಎಳೆಯೋದು ಇವೆಲ್ಲ ನಿಲ್ಲಿಸಿ, ಡ್ರೈವರ್‌ಗೂ ಮನೆಯವ್ರಿಗೂ ವಾಶ್ ಮಾಡೋ ಹುಡುಗನಿಗೂ ಹೇಳಿ. ದಾರೀಲಿ ಅಲ್ಲಾಡೋದು ಗೊತ್ತಾದ್ರೆ ಪಕ್ಕಕ್ಕೆ ನಿಲ್ಲಿಸಿ ಪೂರ್ತಿ ಕಿತ್ತು ಡಿಕ್ಕಿ ಒಳಗೆ ಹಾಕ್ಕೊಳ್ಳಿ, ಬ್ರೌನ್ ಟೇಪ್ ಸುತ್ತಿ ಮುಂದಕ್ಕೆ ಹೋಗೋ ಧೈರ್ಯ ಬೇಡ. ಬೋಲ್ಟ್ ಇದ್ದು ಕೀಳೋಕಾಗಲ್ಲ ಅಂದ್ರೆ 40 ದಾಟದೆ ಹತ್ತಿರದ ಗ್ಯಾರೇಜ್ ತನಕ ಹೋಗಿ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮೂಲ ವಿವರಗಳನ್ನ ಬದಲಾಯಿಸೋ ಮಾರ್ಪಾಡಿಗೆ ಅವಕಾಶ ಕೊಡಲ್ಲ, ಹಾಗಾಗಿ ಬಾಡಿಯಿಂದ ಹೊರಗೆ ಚಾಚೋ ದೊಡ್ಡ ವಿಂಗ್ ಹಾಕೋ ಮುಂಚೆ ಆರ್‌ಟಿಒದಲ್ಲಿ ಕೇಳ್ಕೊಳ್ಳಿ, ಕಂಪನಿಯ ಜೆನ್ಯೂನ್ ಆಕ್ಸೆಸರಿ ಸಿಗೋ ಹಾಗಿದ್ರೆ ಅದನ್ನೇ ತಗೊಳ್ಳಿ, ಅದರ ಜೊತೆ ಸಾಮಾನ್ಯವಾಗಿ ತೂತು ಎಲ್ಲೆಲ್ಲಿ ಬರ್ಬೇಕು ಅನ್ನೋ ಪೇಪರ್ ಟೆಂಪ್ಲೇಟೂ ಬರುತ್ತೆ, ಇನ್ಶೂರೆನ್ಸ್ ರಿನ್ಯೂ ಮಾಡೋವಾಗ ತಿಳಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಸ್ಪಾಯ್ಲರ್ ಇದ್ರೆ ಡಿಕ್ಕಿ ಒಳಗಿನ ಲೈನಿಂಗ್ ಒಂದು ಮೂಲೆ ಬಿಚ್ಚಿ ಬೋಲ್ಟ್ ಸುತ್ತ ಕೈಯಾಡಿಸಿ, ಬೆರಳಿಗೆ ಕೆಂಪು ಪುಡಿ ಅಂಟಿದ್ರೆ ತುಕ್ಕು ಒಳಗಿಂದ ಶುರುವಾಗಿದೆ, ಡಿಕ್ಕಿ ಡೋರಿನ ಟಿಂಕರಿಂಗ್, ಪೇಂಟಿಂಗ್ ಖರ್ಚು ಕಳೆದು ರೇಟ್ ಮಾತಾಡಿ.