ಮುಕ್ತಾಯ ಬೇರೆ, ಮಂಗಳ ಬೇರೆ

ಮೈಸೂರಲ್ಲಿ ಗಣಪತಿ ಹಬ್ಬದ ಕಛೇರಿಗಳು ಶುರುವಾದರೆ ವಾಟ್ಸಾಪ್ ತುಂಬ ಅದರದೇ ವರದಿ. ಖುಷಿಯ ವಿಷಯವೇ. ಆದರೆ "ಕೊನೆಯಲ್ಲಿ ಸೌರಾಷ್ಟ್ರ ರಾಗದ ಮುಕ್ತಾಯ ಹಾಡಿದರು" ಅಂತ ಈ ಸಲವೂ ಓದಬೇಕಾಯಿತು. ಅದು ಮಂಗಳ. ಮುಕ್ತಾಯವನ್ನು ಹಾಗೆ ಕೊನೆಗೆ ಒಂದು ಸಲ ಹಾಡಿ ಎದ್ದು ಹೋಗುವುದಿಲ್ಲ.

ಸಭೆ ಮುಕ್ತಾಯ, ಧಾರಾವಾಹಿ ಮುಕ್ತಾಯ, ಕಛೇರಿ ಮುಕ್ತಾಯವಾಯಿತು ಎಲ್ಲವೂ ಸರಿ, ಅದಕ್ಕೆ ತಕರಾರಿಲ್ಲ. ಹಾಡುವವರು, ಮೃದಂಗದವರು ಮುಕ್ತಾಯ ಅಂದಾಗ ಮಾತ್ರ ಅದು ಲೆಕ್ಕ. ಒಂದು ಸೊಲ್ಲುಕಟ್ಟನ್ನೋ (ತಾಳದ ಸೊಲ್ಲುಗಳ ಜೋಡಣೆ) ಸ್ವರದ ತುಂಡನ್ನೋ ಸಾಮಾನ್ಯವಾಗಿ ಮೂರು ಸಲ ಹೇಳಿ, ಸಮಕ್ಕೋ (ತಾಳದ ಮೊದಲ ಏಟು) ಪಲ್ಲವಿ ಎತ್ತುವ ಜಾಗಕ್ಕೋ ಸರಿಯಾಗಿ ಬಂದು ಸೇರುವುದು. ಹಿಂದೂಸ್ತಾನಿಯವರ ತಿಹಾಯಿ ಇದಕ್ಕೆ ತೀರಾ ಹತ್ತಿರ.

ಆದಿತಾಳ ತಗೊಳ್ಳಿ. ಚತುರಶ್ರ ನಡೆಯಲ್ಲಿ, ಅಂದರೆ ಎಂಟು ಎಣಿಕೆಗೂ ನಾಲ್ಕು ನಾಲ್ಕರಂತೆ, ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) 32 ಮಾತ್ರೆ. ತ-ದಿ-ಗಿ-ಣ-ತೊಂ ಅಂದರೆ 5, ಮೂರು ಸಲಕ್ಕೆ 15. ಹಾಗಾಗಿ 17 ಮಾತ್ರೆ ಬಿಟ್ಟು 18ನೆಯದಕ್ಕೆ ಶುರು ಮಾಡಿದರೆ ಮುಗಿದ ತಕ್ಷಣ ಸಮ. ಮಧ್ಯೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು) ಬಿಟ್ಟರೆ ಒಟ್ಟು 19 ಆಗುತ್ತೆ, ಆಗ 14ನೆಯದಕ್ಕೇ ಎತ್ತಬೇಕು. ಒಂದು ಮಾತ್ರೆ ಆಚೀಚೆ ಆದರೂ ಕೆಟ್ಟಿತು! ತಾಳ ಹಾಕುತ್ತಾ ನೀವೇ ಹೇಳಿ ನೋಡಿ, ಮೂರನೇ ತೊಂ ಆದಮೇಲೆ ಕೈ ತಾನಾಗಿ ಸಮಕ್ಕೆ ಬೀಳುವಾಗ ಸಿಗುವ ಸುಖವೇ ಬೇರೆ.

ಮುಕ್ತ, ಮುಕ್ತಿ, ಮೋಕ್ಷ ಎಲ್ಲ ಬಿಡುಗಡೆಯ ಮಾತುಗಳು. ನನಗೆ ಮುಕ್ತಾಯ ಕೇಳಿಸುವುದೂ ಹಾಗೇ. ಅಷ್ಟು ಹೊತ್ತು ಬಿಗಿಹಿಡಿದ ಲಯವನ್ನು ಅಲ್ಲಿ ಬಿಡುತ್ತಾರೆ, ಹಾಡು ಮತ್ತೆ ಹೊರಡುತ್ತೆ. ಹಾಡುತ್ತಲೇ ಹೊಸದಾಗಿ ಹೆಣೆಯುವ ಕಲ್ಪನಾಸ್ವರದ ತುದಿಗೆ ಮುಕ್ತಾಯ, ಮೃದಂಗದವರೇ ನುಡಿಸುವ ತನಿಯ ಕೊನೆಗೆ ದೊಡ್ಡ ಮುಕ್ತಾಯ, ಭರತನಾಟ್ಯದಲ್ಲಿ ಜತಿ (ಹೆಜ್ಜೆಗೆ ಹೇಳುವ ಸೊಲ್ಲುಗಳು) ಮುಗಿಸುವಲ್ಲೂ ಮುಕ್ತಾಯ. ಒಂದೇ ಕಛೇರಿಯಲ್ಲಿ ಎಷ್ಟು ಬೇಕಾದರೂ ಬರಬಹುದು, ಅಲ್ವಾ? ತನಿಯ ಮುಕ್ತಾಯ ಆಗುತ್ತಿದ್ದ ಹಾಗೇ ಕಛೇರಿಯೇ ಮುಗಿಯಿತು ಅಂತ ಚಪ್ಪಲಿ ಹುಡುಕುವವರಿಗೆ ದಯವಿಟ್ಟು ಯಾರಾದರೂ ಹೇಳಿ, ಹಾಡು ಮುಗಿಯಲು ಪಲ್ಲವಿ ಇನ್ನೊಮ್ಮೆ ಬರಬೇಕು.

ವರ್ಣ (ಕಛೇರಿಯ ಶುರುವಿಗೆ ಹಾಡುವ ರಚನೆ) ಕಲಿತವರಂತೂ ಈ ತಪ್ಪು ಮಾಡಲೇಬಾರದು. ಪಲ್ಲವಿ, ಅನುಪಲ್ಲವಿ ಆದಮೇಲೆ ಮುಕ್ತಾಯಿ ಸ್ವರ. ಅಲ್ಲಿಗೆ ಪೂರ್ವಾಂಗ, ಅಂದರೆ ಮೊದಲ ಭಾಗ, ಮುಗಿಯಿತು ಅಷ್ಟೆ. ಚರಣ, ಅದರ ಜೊತೆ ಬರುವ ಎತ್ತುಗಡೆ ಸ್ವರ ಎಲ್ಲ ಇನ್ನೂ ಬಾಕಿ. ಹೆಸರಲ್ಲೇ ಮುಕ್ತಾಯಿ ಇದ್ದರೂ ಇರುವುದು ನಡುಮಧ್ಯ.

ಇನ್ನು ಮಂಗಳ. ಅದು ಶುಭ ಕೋರಿ ಏಳುವ ಹಾಡು, ಹರಿಕಥೆಯಲ್ಲೂ ಭಜನೆಯಲ್ಲೂ ಅಷ್ಟೆ. ಕರ್ನಾಟಕ ಸಂಗೀತ ಕಛೇರಿಯಲ್ಲಿ ಸೌರಾಷ್ಟ್ರದ ತ್ಯಾಗರಾಜರ ಮಂಗಳ ಹೆಚ್ಚು ರೂಢಿ. ಪೇಪರಿನವರು "ಅಕ್ರಮಕ್ಕೆ ಮಂಗಳ ಹಾಡಿದರು" ಅಂತ ಬರೆದೂ ಬರೆದೂ ಮಂಗಳ ಅಂದರೆ ಬರೀ ಕೊನೆ ಅನ್ನೋ ಹಾಗಾಗಿದೆ. ಅಲ್ಲಿಂದಲೇ ಈ ಎರಡು ಪದ ಕಲಸಿಹೋಗಿದ್ದು ಅಂತ ನನ್ನ ಅನುಮಾನ.

ವರದಿ ಬರೆಯುವವರು "ತನಿಯ ಮುಕ್ತಾಯ ಚೆನ್ನಾಗಿತ್ತು, ಕೊನೆಗೆ ಮಂಗಳ ಹಾಡಿದರು" ಅಂತ ಬರೆಯಲಿ, ಸಾಕು.