ಕಳ್ಳಿ ಪಕ್ಕದ ಪೊದೆಗೆ ಕತ್ತರಿ ಹಾಕಬೇಡಿ

ಅರಿಜೋನಾದ ಟೂಸಾನ್‌ನಲ್ಲಿ ಮನೆ ಕೊಂಡ ನಮ್ಮವರು ಮೊದಲು ಅಂಗಳ ಚೊಕ್ಕ ಮಾಡಿಸುತ್ತಾರೆ. ಮೊಣಕಾಲೆತ್ತರದ ಸವಾರೊ ಕಳ್ಳಿ ಇದ್ದರೆ ಅದೊಂದನ್ನು ಉಳಿಸಿ, ಸುತ್ತಲಿನ ಪಾಲೊ ವರ್ಡೆ ಮರ, ಪೊದೆ ಎಲ್ಲ ತೆಗೆಸಿಬಿಡುತ್ತಾರೆ. "ಪಾಪ, ಅದಕ್ಕೂ ನೀರು ಸಿಗಲಿ" ಅಂತ. ಜೂನ್ ಬಂತೆಂದರೆ ನನಗೆ ಫೋನ್: "ಕಳ್ಳಿ ಹಳದಿಯಾಗಿದೆ, ಬಂದು ನೋಡ್ತೀರಾ?"

ಬಂದು ಏನು ನೋಡಲಿ? ಸುಟ್ಟಿದೆ.

ಮರುಭೂಮಿಯ ಗಿಡ ಅಂದರೆ ಬಿಸಿಲು ಕುಡಿದೇ ಹುಟ್ಟಿದ್ದು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. 12 ಮೀಟರ್ ಎತ್ತರ ಬೆಳೆದು, 150 ವರ್ಷ ಬದುಕುವ ಸವಾರೊಗೆ ಅದು ಸರಿ. ಸಸಿಯ ಕಥೆಯೇ ಬೇರೆ. ಮೊದಲ ಎಂಟು ವರ್ಷದಲ್ಲಿ ಅದು ಒಂದು, ಒಂದೂವರೆ ಇಂಚು ಬೆಳೆದರೆ ಹೆಚ್ಚು. ಅಷ್ಟು ಪುಟ್ಟ ಗಿಡದಲ್ಲಿ ನೀರು ಎಷ್ಟು ನಿಂತೀತು? ಬಯಲಿನಲ್ಲಿ ಬಿಸಿಲು ಒಣಗಿಸುತ್ತದೆ, ಇಲಿ ತಿನ್ನುತ್ತದೆ, ಜನವರಿಯ ರಾತ್ರಿ ಹೆಪ್ಪುಗಟ್ಟಿಸುತ್ತದೆ. ಪಾಲೊ ವರ್ಡೆ, ಐರನ್‌ವುಡ್, ಮೆಸ್ಕೀಟ್ (ನಮ್ಮ ಬಳ್ಳಾರಿ ಜಾಲಿಯ ನೆಂಟ) ಇವುಗಳ ಕೆಳಗೆ ಈ ಮೂರೂ ಕಾಟ ಕಡಿಮೆ. ನೆರಳಿನ ಜೊತೆಗೆ, ಕೊಂಬೆಗಳು ನೆಲದ ಶಾಖ ರಾತ್ರಿ ಬೇಗ ಹಾರಿಹೋಗದಂತೆ ತಡೆಯುತ್ತವೆ. ಇದು ಮುಖ್ಯ. ಯಾಕೆಂದರೆ ಸವಾರೊ ಉತ್ತರಕ್ಕೆ ಎಲ್ಲಿಯವರೆಗೆ ಬೆಳೆಯಬಹುದು ಅನ್ನುವುದನ್ನು ನಿರ್ಧರಿಸುವುದು ಬಿಡದೆ ಹಿಡಿಯುವ ಹಿಮಚಳಿ. ಇದನ್ನು ನೂರು ವರ್ಷಕ್ಕೂ ಹಿಂದೆ ಇದೇ ಊರಿನ ಟುಮಾಮೊಕ್ ಗುಡ್ಡದ ಪ್ರಯೋಗಾಲಯದಲ್ಲಿ ಸಸ್ಯವಿಜ್ಞಾನಿ ಫಾರೆಸ್ಟ್ ಶ್ರೀವ್ ಗುರುತಿಸಿದ್ದರು.

ಪಾರಿವಾಳಗಳು ಹಣ್ಣು ತಿಂದು ಮರದ ಮೇಲೆ ಕೂರುತ್ತವೆ, ಬೀಜ ಅಲ್ಲೇ ಬೀಳುತ್ತದೆ, ಸಸಿಗಳು ಮರದ ಕೆಳಗೇ ಕಾಣುವುದು ಅದಕ್ಕೇ, ಅಷ್ಟೇ ಅಲ್ವಾ ಎಂದು ಕೆಲವರು ವಾದ ಹೂಡುತ್ತಾರೆ. ಅದೂ ಸ್ವಲ್ಪ ನಿಜ. ಆದರೆ 1960ರ ದಶಕದಲ್ಲಿ ಸಸಿಗಳನ್ನು ಕೈಯಾರೆ ನೆಟ್ಟು ನೋಡಿದಾಗ, ನೆರಳಿಲ್ಲದವು ಒಂದು ವರ್ಷದೊಳಗೆ ಸತ್ತವು.

ಇಲ್ಲಿ ಮಗನ ಮನೆಗೆ ಬಂದಿದ್ದ ಮೂಡಿಗೆರೆ ಕಡೆಯ ಯಜಮಾನರೊಬ್ಬರು ತಾವೇ ನಿಂತು ಪೊದೆ ಕಡಿಸುತ್ತಿದ್ದರು. "ಸಾರ್, ಕಾಫಿ ತೋಟದ ಮರಾನೂ ಹೀಗೇ ಕಡಿಸ್ತೀರಾ?" ಎಂದೆ. "ಅಯ್ಯೋ, ಗಿಡ ಸುಟ್ಟು ಹೋಗಲ್ವೇನಮ್ಮಾ!" ಅಂದರು. ಆಮೇಲೆ ಆಳಿನ ಕೈಯಿಂದ ಗರಗಸ ಇಸಕೊಂಡು ಒಳಗೆ ಹೋದರು. ಮಗ ಇವತ್ತಿಗೂ ಒಪ್ಪಿಲ್ಲ.

ಹಾಗಂತ ಇದು ಬರೀ ಪ್ರೀತಿಯ ಸಂಬಂಧವೂ ಅಲ್ಲ. ಬೆಳೆದ ಸವಾರೊದ ಬೇರು ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡುತ್ತದೆ, ಸಣ್ಣ ಮಳೆಯ ನೀರನ್ನು ಮೊದಲು ಹೀರಿಕೊಳ್ಳುತ್ತದೆ. ಅದನ್ನು ಸಾಕಿದ ಪಾಲೊ ವರ್ಡೆ ಕೊಂಬೆ ಕೊಂಬೆಯಾಗಿ ಒಣಗುತ್ತದೆ. ಸವಾರೊ ಪಕ್ಕದ ಪಾಲೊ ವರ್ಡೆಗಳು ಜಾಸ್ತಿ ಸಾಯುತ್ತವೆ ಎಂದು 1984ರ ಒಂದು ಅಧ್ಯಯನ ತೋರಿಸಿತು. ಇನ್ನೂ ತಮಾಷೆ, ಆ ಪಾಲೊ ವರ್ಡೆಯೇ ಎಷ್ಟೋ ಸಲ ಬರ್‌ಸೇಜ್ ಎಂಬ ಕುರುಚಲು ಪೊದೆಯ ಮರೆಯಲ್ಲಿ ಬದುಕಿಕೊಂಡಿರುತ್ತದೆ. ನೀವು ಕಸ ಅಂತ ಕಿತ್ತೆಸೆಯುವುದು ಅದನ್ನೇ!

ನೀರಿಗೆ ಪೈಪೋಟಿ ಇದೆ ಅನ್ನುವ ನಿಮ್ಮ ಲೆಕ್ಕ ತಪ್ಪಲ್ಲ. ಆದರೆ ಪೈಪೋಟಿಯೂ ಆಸರೆಯೂ ಒಟ್ಟಿಗೇ ನಡೆಯುತ್ತಿರುತ್ತವೆ. ಚಿಕ್ಕಂದಿನಲ್ಲಿ ಆಸರೆಯ ಕಡೆ ತೂಕ ಹೆಚ್ಚು. ಅದು ಯಾವಾಗ ಪೈಪೋಟಿಯ ಕಡೆ ವಾಲುತ್ತದೆ ಎಂದು ನಿಮ್ಮ ಅಂಗಳ ನೋಡದೆ ಹೇಳಲಾರೆ. ಆಳೆತ್ತರ ದಾಟುವವರೆಗಂತೂ ಸುಮ್ನೆ ಬಿಡಿ.

ಒಂದನ್ನು ಮಾತ್ರ ಖಂಡಿತ ಕೀಳಿ: ಬಫೆಲ್ ಹುಲ್ಲು. ರಾಜಸ್ಥಾನದಲ್ಲಿ ದನಕ್ಕೆ ಒಳ್ಳೆಯ ಮೇವಾದ ಅಂಜನ್ ಹುಲ್ಲು ಇದೇ. ಇಲ್ಲಿ ಅದು ಬೆಂಕಿಗೆ ಮೇವು, ಮತ್ತು ಸವಾರೊಗೆ ಬೆಂಕಿ ತಡೆದು ಗೊತ್ತಿಲ್ಲ.

ಈಗಾಗಲೇ ಪೊದೆ ಕಡಿಸಿಬಿಟ್ಟಿದ್ದರೆ ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್ ಕಟ್ಟಿ. ದಿನಾ ನೀರು ಸುರಿಯಬೇಡಿ, ಬುಡ ಕೊಳೆಯುತ್ತದೆ. ಕಳ್ಳಿಯನ್ನೇ ನೆರಳಿಗೆ ಸಾಗಿಸುವ ಯೋಚನೆಯಿದ್ದರೆ ಮೊದಲು ರಾಜ್ಯದ ಕಾನೂನು ವಿಚಾರಿಸಿ. ಸಾಗಿಸುವ ಮುನ್ನ ದಕ್ಷಿಣಕ್ಕಿದ್ದ ಮೈಗೆ ಗುರುತು ಹಾಕಿ, ಹೊಸ ಜಾಗದಲ್ಲೂ ಅದೇ ಮೈ ದಕ್ಷಿಣಕ್ಕಿರಲಿ.