‘ಜೂಡಿಯಾ ಕ್ಯಾಪ್ಟಾ’ ಬೆಳ್ಳಿ ನಾಣ್ಯ: ಅಚ್ಚಿನದೋ, ಎರಕದ್ದೋ?

ಓದುಗರ ಪ್ರಶ್ನೆ: ಯಹೂದಿಗಳ ನಾಡು ಜೂಡಿಯಾವನ್ನು ಗೆದ್ದ ನೆನಪಿಗೆ ರೋಮನ್ ಚಕ್ರವರ್ತಿ ವೆಸ್ಪಾಸಿಯನ್ ಹೊರಡಿಸಿದ ಬೆಳ್ಳಿ ನಾಣ್ಯವೊಂದು ಮಾರಾಟಕ್ಕೆ ಬಂದಿದೆ. ಅದು ಅಸಲಿಯೋ ನಕಲಿಯೋ ಎಂದು ಕೊಳ್ಳುವ ಮುಂಚೆ ನಾವೇ ಪರೀಕ್ಷಿಸಬಹುದೇ?

ಉತ್ತರ: ಅಸಲಿ ಎಂದು ಮನೆಯಲ್ಲೇ ಕೂತು ಸಾಬೀತು ಮಾಡಲಾಗದು. ಆದರೆ ನಕಲಿಗಳಲ್ಲಿ ಹೆಚ್ಚಿನವನ್ನು ಅರ್ಧ ಗಂಟೆಯಲ್ಲಿ ಹಿಡಿದುಬಿಡಬಹುದು. ಅದಕ್ಕೆ 0.01 ಗ್ರಾಂವರೆಗೆ ತೋರಿಸುವ ಚಿನಿವಾರರ ಎಲೆಕ್ಟ್ರಾನಿಕ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಎಳೆ ದಾರ, ಒಂದು ಲೋಟ ನೀರು ಇದ್ದರೆ ಸಾಕು. ಈ ವಿಜಯದ ನಾಣ್ಯಗಳಲ್ಲಿ ನಕಲಿಗಳ ಕಾಟ ವಿಪರೀತವಾಗಿರುವುದಕ್ಕೆ ಕಾರಣವಿದೆ. ಯಹೂದಿಗಳಿಗೂ ಕ್ರೈಸ್ತರಿಗೂ ತಮ್ಮ ಚರಿತ್ರೆಯ ತುಣುಕು ಇದು. ಬೇಡಿಕೆ ಇದ್ದಲ್ಲಿ ಎರಕದ ಕುಲುಮೆಯೂ ಉರಿಯುತ್ತದೆ.

ನಾಣ್ಯ ಹೇಗಿರಬೇಕು ಎಂಬುದು ಮೊದಲು. ಕ್ರಿ.ಶ. 66ರಲ್ಲಿ ಜೂಡಿಯಾ ದಂಗೆ ಎದ್ದಿತು. 70ರಲ್ಲಿ ವೆಸ್ಪಾಸಿಯನ್‌ನ ಮಗ ಟೈಟಸ್ ಜೆರುಸಲೇಮನ್ನು ಹಿಡಿದ, ಅಲ್ಲಿನ ದೇಗುಲ ಬೆಂಕಿಗೆ ಆಹುತಿಯಾಯಿತು. ವೆಸ್ಪಾಸಿಯನ್ ರಾಜವಂಶದವನಲ್ಲ, ಅಂತರ್ಯುದ್ಧದಲ್ಲಿ ಪಟ್ಟಕ್ಕೆ ಬಂದವನು. ಜನರಿಗೆ ತೋರಿಸಲು ಅವನಿಗೊಂದು ದೊಡ್ಡ ಗೆಲುವು ಬೇಕಿತ್ತು. ಆದ್ದರಿಂದಲೇ ಈ ಗೆಲುವಿನ ಚಿತ್ರ ಚಿನ್ನ, ಬೆಳ್ಳಿ, ಹಿತ್ತಾಳೆ ಮೂರರಲ್ಲೂ ಬಂತು. ಸಾಮಾನ್ಯವಾಗಿ ಸಿಗುವ, ದೆನಾರಿಯಸ್ ಎಂಬ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಎಲೆಮಾಲೆ ತೊಟ್ಟ ಚಕ್ರವರ್ತಿಯ ತಲೆ, ಬಲಕ್ಕೆ ತಿರುಗಿದ್ದು. ಇನ್ನೊಂದು ಬದಿಯಲ್ಲಿ ಸೋತವರ ಕವಚ, ಗುರಾಣಿಗಳನ್ನು ಕಟ್ಟಿದ ವಿಜಯಕಂಬ, ಅದರ ಬುಡದಲ್ಲಿ ತಲೆಗೆ ಕೈಕೊಟ್ಟು ನೆಲದ ಮೇಲೆ ಕೂತ ಹೆಂಗಸು. ಅವಳ ಕೆಳಗಿನ ಗೆರೆಯಡಿ ಐ, ವಿ, ಡಿ, ಎ, ಇ, ಎ ಎಂಬ ಆರೇ ಅಕ್ಷರ. ರೋಮನ್ನರ ಬರವಣಿಗೆಯಲ್ಲಿ ಜೆ ಇಲ್ಲ, ಯು ಇಲ್ಲ. ಜೆ ಜಾಗದಲ್ಲಿ ಐ, ಯು ಜಾಗದಲ್ಲಿ ವಿ. ನಾಣ್ಯದ ಮೇಲೆ ಜೆ ಅಥವಾ ಯು ಕಂಡರೆ ತಕ್ಕಡಿ ಹೊರತೆಗೆಯುವ ಕೆಲಸವೇ ಇಲ್ಲ. ‘ಕ್ಯಾಪ್ಟಾ’ (ಸೆರೆಸಿಕ್ಕಿದ್ದು) ಎಂಬ ಪದ ಈ ಬಗೆಯ ದೆನಾರಿಯಸ್‌ನಲ್ಲಿ ಇರುವುದಿಲ್ಲ. ಅದು ಸೆಸ್ಟರ್ಷಿಯಸ್ ಎಂಬ ದೊಡ್ಡ ಹಿತ್ತಾಳೆ ನಾಣ್ಯಗಳ ಮೇಲಿನ ಮಾತು, ಸಂಗ್ರಾಹಕರು ಇಡೀ ಸರಣಿಗೇ ಆ ಹೆಸರಿಟ್ಟಿದ್ದಾರೆ.

ಇನ್ನು ತೂಕ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದೆನಾರಿಯಸ್‌ನ ತೂಕವನ್ನು ರೋಮನ್ ಪೌಂಡಿನ 84ರಲ್ಲೊಂದು ಪಾಲಿನಿಂದ 96ರಲ್ಲೊಂದು ಪಾಲಿಗೆ ಇಳಿಸಿದ. ಹಾಗಾಗಿ ವೆಸ್ಪಾಸಿಯನ್‌ನದು ಸವೆದು ಸಿಗುವಾಗ 3.0ರಿಂದ 3.5 ಗ್ರಾಂ, ಅಡ್ಡಳತೆ 17ರಿಂದ 19 ಮಿಲಿಮೀಟರ್. 2.5 ಗ್ರಾಂ ತೂಗಿದರೆ ಅನುಮಾನ ಪಡಿ, 4 ದಾಟಿದರೆ ಇನ್ನೂ ಹೆಚ್ಚು ಅನುಮಾನ ಪಡಿ. ಸವೆತದಿಂದ ತೂಕ ಏರುವುದಿಲ್ಲವಲ್ಲ.

ಆಮೇಲೆ ಅಂಚು. ಅಸಲಿ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬೆಳ್ಳಿಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಪೆಟ್ಟಿಗೆ ಲೋಹ ಹೊರಕ್ಕೆ ಹರಿದು ಅಂಚಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಚಿತ್ರ ನಡುವಿನಿಂದ ಒಂದಿಷ್ಟು ಜರುಗಿರುತ್ತದೆ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಎರಡು ಪಡಿಯಚ್ಚು ಕೂಡಿದ ಗೆರೆ ಉಳಿದಿರುತ್ತದೆ, ಇಲ್ಲವೇ ಅದನ್ನು ಅಳಿಸಲು ಅರ ಹಾಕಿದ ಗೀರುಗಳಿರುತ್ತವೆ. ಭೂತಗನ್ನಡಿಯಲ್ಲಿ ಅಕ್ಷರಗಳ ಬುಡ ನೋಡಿ: ಅಚ್ಚಿನದಾದರೆ ಅಕ್ಷರದ ಗೋಡೆ ಕಡಿದಂತೆ ನೇರ, ಎರಕದ್ದಾದರೆ ಕರಗಿದ ಬೆಲ್ಲದಂತೆ ಗುಂಡಗೆ, ನಡುನಡುವೆ ಗಾಳಿಗುಳ್ಳೆಯ ಗುಣಿಗಳು. ಗುಣಿ ಕಂಡ ತಕ್ಷಣ ನಕಲಿ ಎಂದುಬಿಡಬೇಡಿ. ಮಣ್ಣಿನಲ್ಲಿದ್ದ ಬೆಳ್ಳಿಯನ್ನೂ ಉಪ್ಪು ತಿಂದಿರುತ್ತದೆ. ಆ ಗುಣಿಗಳ ಅಂಚು ಒರಟು, ಅಳತೆ ಒಂದೊಂದೂ ಬೇರೆ. ಗಾಳಿಗುಳ್ಳೆಯದು ನುಣುಪಾದ ಸಣ್ಣ ಬಟ್ಟಲು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅವಳಿ. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಹೊರಡುವುದು ಸಹಜ. ಆದರೆ ಅಷ್ಟೇ ಜರುಗಿದ ಚಿತ್ರ, ಅದೇ ಜಾಗದಲ್ಲಿ ಅದೇ ಬಿರುಕು, ಕೆನ್ನೆಯ ಮೇಲೆ ಅದೇ ಗೀರು ಇರುವ ಎರಡು ನಾಣ್ಯ ಸಿಕ್ಕರೆ ಒಂದರಿಂದ ಇನ್ನೊಂದನ್ನು ಎರಕ ಹೊಯ್ದಿದ್ದಾರೆ, ಅಥವಾ ಎರಡೂ ಮೂರನೆಯದರ ಮರಿಗಳು. ಹರಾಜು ಸಂಸ್ಥೆಗಳ ಹಳೆಯ ಚಿತ್ರಗಳು ಅಂತರ್ಜಾಲದಲ್ಲಿವೆ. ‘ಆರ್‌ಐಸಿ’ ಎಂಬ ರೋಮನ್ ನಾಣ್ಯಸೂಚಿಯ ಎರಡನೇ ಸಂಪುಟದ ಮೊದಲ ಭಾಗ, ಪರಿಷ್ಕೃತ ಆವೃತ್ತಿಯಲ್ಲಿ ಇದು ವೆಸ್ಪಾಸಿಯನ್ 2ನೇ ಸಂಖ್ಯೆ. ಆ ಸಂಖ್ಯೆ ಹಿಡಿದು ಹುಡುಕಿ, ಒಂದೈವತ್ತು ಚಿತ್ರವಾದರೂ ನೋಡಿ. ನಿಮ್ಮದರ ಅವಳಿ ಸಿಗದಿರಲಿ ಎಂದು ಹಾರೈಸುತ್ತಾ ಹುಡುಕುವ ವಿಚಿತ್ರ ಕೆಲಸ ಇದು.

ನೀರಿನ ಪರೀಕ್ಷೆಗೆ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಆಗ ತೋರಿಸುವ ಗ್ರಾಂ ಎಷ್ಟೋ ನಾಣ್ಯದ ಗಾತ್ರ ಅಷ್ಟು ಮಿಲಿಲೀಟರ್. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ನೂರಕ್ಕೆ 80–90 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಇದ್ದರೆ 10.1ರಿಂದ 10.3 ಬರಬೇಕು. ಅಂದರೆ 3.3 ಗ್ರಾಮಿನ ನಾಣ್ಯಕ್ಕೆ ತಕ್ಕಡಿ 0.32 ತೋರಿಸಬೇಕು, ತಾಮ್ರದ್ದಾದರೆ 0.37, ತವರದ್ದಾದರೆ 0.45. 0.01ರ ತಪ್ಪೇ ಇಲ್ಲಿ ನೂರಕ್ಕೆ ಮೂರು ಪಾಲು ವ್ಯತ್ಯಾಸ ಮಾಡುತ್ತದೆ. ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಲೆಕೆಳಗು. ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ನಕಲಿ ಇದರಲ್ಲಿ ಪಾಸಾಗುತ್ತದೆ ಎಂಬುದೂ ನೆನಪಿರಲಿ.

ಹಳೇ ರೂಪಾಯಿಯನ್ನು ಕಲ್ಲಿನ ಮೇಲೆ ಠಣ್ ಎನ್ನಿಸಿ ನೋಡುವ ಅಭ್ಯಾಸ ನಮ್ಮಲ್ಲಿದೆ. ಇದರ ಮೇಲೆ ಅದು ಬೇಡವೇ ಬೇಡ. ಎರಡು ಸಾವಿರ ವರ್ಷದಲ್ಲಿ ಬೆಳ್ಳಿಯ ಒಳಗಿನ ಹರಳುಗಳು ಬಿರಿದು ನಾಣ್ಯ ಹಪ್ಪಳದಂತಾಗಿರಬಹುದು, ಒಂದೇ ಪೆಟ್ಟಿಗೆ ಎರಡು ಹೋಳು. ಒರೆಗಲ್ಲಿಗೆ ಉಜ್ಜುವುದು, ಹುಣಸೆಹಣ್ಣು ಹಾಕಿ ತೊಳೆಯುವುದು, ಇವೂ ಬೆಲೆ ಕಳೆಯುವ ಕೆಲಸಗಳೇ.

ಅಂಚಿನಲ್ಲಿ ಬೆಳ್ಳಿಪದರ ಸುಲಿದು ಒಳಗೆ ತಾಮ್ರ ಕಂಡರೆ? ಅದು ರೋಮನ್ನರ ಕಾಲದ್ದೇ ಕಳ್ಳನಾಣ್ಯ ಇರಬಹುದು. ಇಂಥ ಗಿಲೀಟು ನಾಣ್ಯಗಳನ್ನೂ ಸಂಗ್ರಹಿಸುವವರಿದ್ದಾರೆ. ತಪ್ಪೇನಿಲ್ಲ, ಆದರೆ ಬೆಳ್ಳಿಯದಕ್ಕೆ ಕೊಡುವ ಬೆಲೆ ಇದಕ್ಕೆ ಕೊಡಬಾರದು. ವಿಜಯಕಂಬದ ಬದಲು ಖರ್ಜೂರದ ಮರವಿರುವ ಹಿತ್ತಾಳೆಯ ಸೆಸ್ಟರ್ಷಿಯಸ್‌ನಲ್ಲಿ ಭಯ ಬೇರೆ: ನಾಣ್ಯ ಅಸಲಿ, ಸವೆದುಹೋದ ಕೂದಲು, ಖರ್ಜೂರದ ಗರಿಗಳನ್ನು ಮಾತ್ರ ಈಚೆಗೆ ಉಳಿಯಿಂದ ಕೆತ್ತಿರುತ್ತಾರೆ. ಎತ್ತರದ ಭಾಗ ಸವೆದಿದ್ದು ತಗ್ಗಿನ ಗೆರೆ ಮಾತ್ರ ಹರಿತವಾಗಿದ್ದರೆ, ಕಿಲುಬಿನ ಪದರವನ್ನು ಕೊಯ್ದು ಗೆರೆ ಹೋಗಿದ್ದರೆ ಅದೇ ಗುರುತು. ಖರ್ಜೂರದ ಮರ ಕಂಡದ್ದೆಲ್ಲ ವಿಜಯದ ನಾಣ್ಯವೂ ಅಲ್ಲ. ಯಹೂದಿಗಳ ಮೇಲಿನ ತೆರಿಗೆಯ ಹೆಸರಲ್ಲಿ ನಡೆಯುತ್ತಿದ್ದ ಸುಳ್ಳು ದೂರುಗಳನ್ನು ನಿಲ್ಲಿಸಿದ್ದಕ್ಕೆ ಚಕ್ರವರ್ತಿ ನರ್ವಾ 96ರಲ್ಲಿ ಹೊರಡಿಸಿದ ಸೆಸ್ಟರ್ಷಿಯಸ್‌ನಲ್ಲೂ ಅದೇ ಮರವಿದೆ, ಕೆಳಗೆ ಸೆರೆಯಾಳಿಲ್ಲ.

‘ನಮ್ಮ ಹೊಲ ಉಳುವಾಗ ಸಿಕ್ಕಿದ್ದು’ ಎಂದು ಮಾರುವವರು ಹೇಳಿದರೆ ಅದನ್ನು ತಕ್ಕಡಿಗಿಂತ ಮೊದಲೇ ತೂಗಿ. ಕರ್ನಾಟಕದಲ್ಲಿ ರೋಮನ್ ಬೆಳ್ಳಿ ಸಿಕ್ಕಿರುವುದು ನಿಜ. 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ದೆನಾರಿಯಸ್. ಆದರೆ ಅವು ಹೆಚ್ಚಾಗಿ ನೀರೋಗಿಂತ ಹಿಂದಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದವು. ನೀರೋ ಬೆಳ್ಳಿ ಕಡಿಮೆ ಮಾಡಿದ ನಂತರದ ದೆನಾರಿಯಸ್‌ಗಳು ಭಾರತದಲ್ಲಿ ಸಿಗುವುದು ತೀರ ಅಪರೂಪ. ಕಥೆ ಒಂದು ವೇಳೆ ನಿಜವೇ ಆದರೆ ತೊಂದರೆ ಇನ್ನೂ ದೊಡ್ಡದು: ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಮಾರುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಕೊಂಡು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವಂತೆಯೂ ಇಲ್ಲ.

ಆದ್ದರಿಂದ ಕಥೆಯನ್ನಲ್ಲ, ಕಾಗದವನ್ನು ಕೇಳಿ: ಮಾರುವವರ ಪರವಾನಗಿ ಸಂಖ್ಯೆ, ನಾಣ್ಯ ಹಿಂದೆ ಹರಾಜಾಗಿದ್ದರೆ ಅದರ ದಾಖಲೆ, ತೂಕ ಮತ್ತು ಎರಡೂ ಬದಿಯ ಚಿತ್ರವಿರುವ ರಸೀದಿ, ನಕಲಿ ಎಂದಾದರೆ ಯಾವಾಗ ಬೇಕಾದರೂ ಹಣ ವಾಪಸ್ ಎಂಬ ಲಿಖಿತ ಮಾತು. ಕೊನೆಯದಕ್ಕೆ ಒಪ್ಪದವರ ಹತ್ತಿರ, ಮೇಲಿನ ಎಲ್ಲ ಪರೀಕ್ಷೆಯಲ್ಲಿ ನಾಣ್ಯ ಗೆದ್ದಿದ್ದರೂ ಕೊಳ್ಳಬೇಡಿ.